ಹಲ್ಲು ಸರಿ ಮಾಡಿಸ್ಕೊಂಡ್ರ ಶೋಕಿ ಏನ್ರೀ?

"ಕಲಿಯೋ ಹುಡುಗರ ಕೈಯಾಗ ಬಾಯಿ ಕೊಡ್ತೀಯೇನಲೇ?" ಅಂತ ಗೆಳೆಯ ನಕ್ಕ. ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು 1986ರಿಂದ ಇದೆ. ಅವಳಿನಗರದ ಮಂದಿಯ ಅನುಮಾನ ಇನ್ನೂ ಹೋಗಿಲ್ಲ. ದಂತ ಕಾಲೇಜುಗಳಲ್ಲಿ ತಂತಿ ಹಾಕುವವರು ಸಾಮಾನ್ಯವಾಗಿ ಬಿಡಿಎಸ್ ಮುಗಿಸಿ ಎಂಡಿಎಸ್ ಓದುತ್ತಿರುವ ಡಾಕ್ಟರುಗಳು. ಮೇಲೆ ಮೇಷ್ಟ್ರು ನಿಂತಿರುತ್ತಾರೆ. ಹೊತ್ತು ಹಿಡಿಯುತ್ತೆ, ನಿಜ. ನಮ್ಮಲ್ಲಿ ಫ್ರೆಶರ್ ಬರೆದ ಕೋಡ್ ಬ್ಯಾಂಕಿಗೆ ಹೋಗುತ್ತೆ, ಅದಕ್ಕೆ ಯಾರೂ ನಗಲ್ಲ!

"ಚಂದಕ್ಕ್ಯಾಕ ರೊಕ್ಕ?" ಅನ್ನುವವರು ಗದಗ ಜಿಲ್ಲೆಯ ಮುಂಡರಗಿ ಕಡೆ ಹೋಗಿ ಬನ್ನಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದರೆ ಬೆಳೆಯುವ ಮಕ್ಕಳ ಹಲ್ಲು ಕಂದಾಗುತ್ತೆ, ಎಷ್ಟು ಉಜ್ಜಿದರೂ ಹೋಗಲ್ಲ. ಹೆಣ್ಣು ನೋಡಲು ಬಂದವರಿಗೆ ಫ್ಲೋರೈಡ್ ಗೊತ್ತಿರಲ್ಲ, ಹಲ್ಲು ಮಾತ್ರ ಕಾಣುತ್ತೆ. ನೀರು ಹಚ್ಚಿದ ಕಲೆ ತೆಗೆಸುವುದು ಶೋಕಿಯೇ? ಖಾಸಗಿ ಕ್ಲಿನಿಕ್ಕಿನ ದರ ಆ ಮನೆಗಳಿಗೆ ಎಟುಕಲ್ಲ. ಕಾಲೇಜಿನ ಕುರ್ಚಿಯೂ ಬೇಡವೆಂದರೆ ಆ ಹುಡುಗಿಯರು ಸೆರಗು ಅಡ್ಡ ಹಿಡಿದೇ ನಗಬೇಕು.