ಹೊಸ ಕಾರಿನ ಹೊಳಪು

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನೆಂಬ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರು ಕಾರನ್ನು ಕಂಡವರಲ್ಲ. ಆದರೂ ಹೊಸ ಕಾರು ಕೊಂಡ ಗೃಹಸ್ಥನ ಮೊದಲ ತಿಂಗಳನ್ನು ಕಣ್ಣಾರೆ ನೋಡಿಯೇ ನುಡಿದಂತಿದೆ ಆ ಮಾತು. ಷೋರೂಮಿನಿಂದ ಕಾರು ಮನೆಗೆ ಬಂದ ಮೊದಲ ವಾರ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸುವ ಸಡಗರ. ಎರಡನೆಯ ತಿಂಗಳಲ್ಲಿ ಅದು ಭಾನುವಾರದ ವ್ರತ. ಆರನೆಯ ತಿಂಗಳ ಹೊತ್ತಿಗೆ ಹಿಂದಿನ ಗಾಜಿನ ಧೂಳಿನಲ್ಲಿ ಬೀದಿಯ ಮಕ್ಕಳು ಬೆರಳಿನಿಂದ ಹೆಸರು ಬರೆಯುವ ಸ್ಥಿತಿ ಒದಗಿರುತ್ತದೆ.

ವಿಚಿತ್ರವೆಂದರೆ, ಅನೇಕ ವೇಳೆ ಕಾರಿನ ಅಂದ ಕೆಡುವುದು ಆರನೆಯ ತಿಂಗಳ ಅಲಕ್ಷ್ಯದಿಂದಲ್ಲ, ಮೊದಲ ತಿಂಗಳ ಅತ್ಯಾದರದಿಂದ. ಇದರ ಕಾರಣವನ್ನು ತಿಳಿಯಬೇಕಾದರೆ ಕಾರಿನ ಮೈಬಣ್ಣದ ರಚನೆಯನ್ನು ಕೊಂಚ ತಿಳಿದಿರಬೇಕು.

ಇಂದಿನ ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟಿನ ಸಂಸ್ಕಾರ; ಆಮೇಲೆ ದ್ರಾವಣದಲ್ಲಿ ಅದ್ದಿ ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಲೇಪ; ಅದರ ಮೇಲೆ ಪ್ರೈಮರ್; ಅದರ ಮೇಲೆ ಬಣ್ಣ; ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಕವಚ. ಇವೆಲ್ಲ ಕೂಡಿದರೂ ದಪ್ಪ ಸುಮಾರು 100 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದರಲ್ಲಿ ಮೇಲಿನ ಕವಚದ ಪಾಲು 40-50 ಮೈಕ್ರಾನ್ ಮಾತ್ರ. ಸಾಮಾನ್ಯ ತಲೆಗೂದಲಿಗಿಂತಲೂ ತೆಳು. ಕಾರು ಹೊಳೆಯುವುದು ಈ ಕವಚದಿಂದ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಒಳಗಿನ ಬಣ್ಣವನ್ನು ಕಾಯುವುದೂ ಇದೇ.

1957ರಲ್ಲಿ ರಸ್ತೆಗೆ ಬಂದ ಅಂಬಾಸಿಡರಿನಂಥ ಹಳೆಯ ಕಾರುಗಳಿಗೆ ಈ ಕವಚವಿರಲಿಲ್ಲ. ಬಣ್ಣವೇ ನೇರವಾಗಿ ಬಿಸಿಲಿಗೆ ಮೈಯೊಡ್ಡಿ ಮಂಕಾಗುತ್ತಿತ್ತು. ಪಾಲಿಶ್ ಹಾಕಿ ಉಜ್ಜಿದರೆ ಮೇಲಿನ ಸತ್ತ ಪದರ ಬಟ್ಟೆಗೆ ಹತ್ತಿ, ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ‘ಉಜ್ಜಿದಷ್ಟೂ ಹೊಳಪು’ ಎಂಬ ನಂಬಿಕೆ ತಾತಂದಿರ ಕಾಲದಿಂದ ಮೊಮ್ಮಕ್ಕಳವರೆಗೆ ಬಂದಿರುವುದು ಹೀಗೆ. ಈಗಿನ ಕಾರಿನಲ್ಲಾದರೋ, ಉಜ್ಜಿದಷ್ಟೂ ಸವೆಯುವುದು ಆ ಕೂದಲೆಳೆಯ ಕವಚ.

ರಸ್ತೆಯ ಧೂಳಿನಲ್ಲಿ ನುಣ್ಣನೆಯ ಮರಳಿನ ಕಣಗಳಿರುತ್ತವೆ. ಅವು ಕವಚಕ್ಕಿಂತ ಎಷ್ಟೋ ಪಾಲು ಗಟ್ಟಿ. ಒಣ ಬಟ್ಟೆಯಿಂದ ಧೂಳನ್ನು ಒರೆಸುವುದೆಂದರೆ ಬಹು ನುಣುಪಾದ ಉಪ್ಪುಕಾಗದದಿಂದ ತಿಕ್ಕಿದಂತೆಯೇ ಸರಿ. ಒಂದು ದಿನಕ್ಕೆ ಏನೂ ಕಾಣದು. ವರ್ಷ ಕಳೆದ ಮೇಲೆ ಬೀದಿದೀಪದ ಕೆಳಗೆ ಕಾರು ನಿಂತಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಸುತ್ತು ಗೀರುಗಳು ಕಾಣಿಸುತ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತವೆ. ಬಿಳಿ ಮತ್ತು ಬೆಳ್ಳಿಯ ಬಣ್ಣಗಳು ಇದನ್ನು ಮರೆಮಾಚುತ್ತವೆ.

ಬಿಡುವಿಲ್ಲದ ಗೃಹಸ್ಥನಿಗೆ ಇದು ಒಂದು ರೀತಿಯಲ್ಲಿ ಶುಭವಾರ್ತೆ. ಕಾರನ್ನು ಕಡಿಮೆ ಮುಟ್ಟುವುದೇ ಕಾರಿಗೆ ಒಳಿತು. ಆದರೆ ಮುಟ್ಟುವಾಗ ಕ್ರಮವರಿತು ಮುಟ್ಟಬೇಕು.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಅವರ ಪತ್ನಿ ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ಏಳು ವರ್ಷ ಕೂಡಿಟ್ಟ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಕಾರು ಕೊಂಡಿದ್ದಾರೆ. ವಾರಕ್ಕೆ ಸಿಕ್ಕುವ ಬಿಡುವು ಒಂದು ಭಾನುವಾರ. ಹನ್ನೊಂದು ಗಂಟೆಯಾದರೂ ಯಜಮಾನರು ಅಂಗಳದಿಂದ ಒಳಗೆ ಬರುವ ಸೂಚನೆಯಿಲ್ಲ.

“ಏನ್ರೀ, ಕಾರು ಕೊಂಡದ್ದು ತೊಳೆಯೋದಕ್ಕೋ, ಅತ್ತೆಯವರನ್ನು ನಂಜನಗೂಡಿಗೆ ಕರಕೊಂಡು ಹೋಗೋದಕ್ಕೋ?”

“ಇನ್ನೊಂದು ಹತ್ತು ನಿಮಿಷ ಕಣೇ. ಚಕ್ರ ಒಂದು ಬಾಕಿ.”

ಆ ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ. ಅಷ್ಟರಲ್ಲಿ ಬಿಸಿಲೇರಿ ತಗಡು ಕಾದಿರುತ್ತದೆ. ಸೋಪಿನ ನೊರೆ ಬಾನೆಟ್ಟಿನ ಮೇಲೆಯೇ ಒಣಗಿ ಕಲೆಯಾಗುತ್ತದೆ. ನಂಜನಗೂಡೂ ಇಲ್ಲ, ಹೊಳಪೂ ಇಲ್ಲ.

ಇದೇ ಕೆಲಸವನ್ನು ಎರಡು ವಾರಕ್ಕೊಮ್ಮೆ, ಬೆಳಗ್ಗೆ ಏಳು ಗಂಟೆಯ ನೆರಳಿನಲ್ಲಿ, ಮುಕ್ಕಾಲು ಗಂಟೆಯೊಳಗೆ ಮುಗಿಸಬಹುದು. ಬೇಕಾದುದು ಎರಡು ಬಕೆಟ್, ಕಾರಿಗೆಂದೇ ಸಿಕ್ಕುವ ಶಾಂಪೂ ಮತ್ತು ನಾಲ್ಕು ಮೈಕ್ರೋಫೈಬರ್ ಬಟ್ಟೆ. ಪಾತ್ರೆ ತೊಳೆಯುವ ಸೋಪು ಬೇಡ. ಅದು ಜಿಡ್ಡನ್ನು ತೆಗೆಯುವಂತೆಯೇ ಕಾರಿನ ಮೇಲಿನ ಮೇಣವನ್ನೂ ತೆಗೆದುಬಿಡುತ್ತದೆ. ಮೊದಲು ಎರಡು ಮೂರು ಮಗ್ಗು ನೀರು ಸುರಿದು ಸಡಿಲವಾದ ಧೂಳನ್ನು ಇಳಿಸಬೇಕು. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಸೋಪಿನಲ್ಲಿ ಅದ್ದಿ ಒಂದು ಭಾಗವನ್ನು ತೊಳೆದ ಕೂಡಲೇ ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಸೋಪಿಗೆ ಅದ್ದುವುದು. ಮರಳೆಲ್ಲ ಎರಡನೆಯ ಬಕೆಟ್ಟಿನಲ್ಲಿ ಉಳಿಯುತ್ತದೆ; ಕಾರಿಗೆ ಮರಳಿ ಹತ್ತುವುದಿಲ್ಲ. ತೊಳೆಯುವ ಕ್ರಮ ಮೇಲಿನಿಂದ ಕೆಳಕ್ಕೆ: ಛಾವಣಿ, ಗಾಜು, ಬಾನೆಟ್, ಬಾಗಿಲು, ಕೊನೆಗೆ ಚಕ್ರ. ಚಕ್ರಕ್ಕೆ ಹಳೆಯ ಬಟ್ಟೆ ಬೇರೆಯೇ ಇರಲಿ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅಲ್ಲಿರುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಕಾರಿಗೆ ಮುಟ್ಟಿಸಬಾರದು.

ತೊಳೆದ ಮೇಲೆ ತಾನಾಗಿ ಒಣಗಲೆಂದು ಬಿಡುವುದು ದೊಡ್ಡ ತಪ್ಪು. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ನೀರು ಗಡಸು. ಹನಿ ಆರಿದಾಗ ಅದರೊಳಗಿನ ಸುಣ್ಣದ ಅಂಶ ಬಿಳಿಯ ಚುಕ್ಕೆಯಾಗಿ ಉಳಿಯುತ್ತದೆ. ಬಿಸಿಲು ತಗಲಿದರೆ ಗಟ್ಟಿಯಾಗಿ ಕೂರುತ್ತದೆ. ಶುದ್ಧವಾದ ಬಟ್ಟೆಯಿಂದ ಐದು ನಿಮಿಷ ನೀರನ್ನು ಹೀರಿ ತೆಗೆದರೆ ಈ ತೊಂದರೆಯೇ ಇಲ್ಲ.

ನೀರಿನ ಮಾತು ಬಂದಾಗ ಇನ್ನೊಂದನ್ನು ಹೇಳದಿರಲಾಗದು. ನಿಮಿಷಕ್ಕೆ ಹತ್ತು ಲೀಟರಿನಂತೆ ಸುರಿಯುವ ಕೊಳವೆಯನ್ನು ಕಾಲು ಗಂಟೆ ಬಿಟ್ಟರೆ 150 ಲೀಟರ್ ಚರಂಡಿಯ ಪಾಲು. ಎರಡು ಬಕೆಟ್ಟಿನ ಕ್ರಮದಲ್ಲಿ ಅದರ ಕಾಲು ಭಾಗವೂ ಬೇಡ. ರಾಜಧಾನಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರುವಂಥದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದು ನಿಂತಾಗ, ಜಲಮಂಡಳಿಯು ಆ ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆಯನ್ನು ಮತ್ತೆ ಹೊರಡಿಸಿತು. ಹಿಡಿದಿಟ್ಟ ಮಳೆನೀರು ಕಾರಿಗೆ ಅತ್ಯುತ್ತಮ, ಅದರಲ್ಲಿ ಸುಣ್ಣವಿಲ್ಲ. ನೀರು ಕಡಿಮೆಯಿದ್ದಲ್ಲಿ, ತೊಳೆದ ಮೇಲೆ ಮತ್ತೆ ನೀರು ಸುರಿಯಬೇಕಿಲ್ಲದ ದ್ರಾವಣಗಳೂ ಅಂಗಡಿಯಲ್ಲಿ ದೊರೆಯುತ್ತವೆ; ಹೆಚ್ಚು ಕೆಸರಿಲ್ಲದ ಕಾರಿಗೆ ಒಂದೇ ಬಕೆಟ್ ಸಾಕು.

ಎರಡು ವಾರ ಕಾಯಬಾರದ ಸಂಗತಿಗಳೂ ಕೆಲವಿವೆ. ಅವುಗಳಲ್ಲಿ ಮೊದಲನೆಯದು ಹಕ್ಕಿಯ ಹಿಕ್ಕೆ. ಅದರಲ್ಲಿ ಆಮ್ಲವಿರುತ್ತದೆ. ಬಿಸಿಲಿಗೆ ಕವಚ ಮೆದುವಾಗಿ ಹಿಗ್ಗಿದಾಗ ಹಿಕ್ಕೆ ಅದನ್ನು ಕೊರೆಯುತ್ತದೆ. ತಂಪಾದ ಮೇಲೆ ಆ ಗುರುತು ಅಳಿಯುವುದಿಲ್ಲ. ಅದನ್ನು ಉಗುರಿನಿಂದ ಕೆರೆಯದೆ, ಒದ್ದೆಯ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಟ್ಟು, ನೆನೆದ ಮೇಲೆ ಮೆಲ್ಲನೆ ಎತ್ತಿ ತೆಗೆಯಬೇಕು. ಒಂದು ಬಾಟಲಿ ನೀರು, ಒಂದು ತುಂಡು ಬಟ್ಟೆ ಸದಾ ಡಿಕ್ಕಿಯಲ್ಲಿದ್ದರೆ ಕಛೇರಿಯ ಮುಂದೆಯೇ ಕೆಲಸ ಮುಗಿಯಿತು. ಮರದ ನೆರಳೂ ಪೂರ್ತಿ ನಿರಪಾಯವಲ್ಲ. ಎಲೆಯ ರಸ ಹೀರುವ ಕೀಟಗಳು ಸುರಿಸುವ ಅಂಟು ತುಂತುರು ದಿನ ಕಳೆದಂತೆ ಬಣ್ಣಕ್ಕೆ ಹತ್ತಿ ಕೂರುತ್ತದೆ. ಮುಂದಿನ ಗಾಜಿನ ಬುಡದಲ್ಲಿ ತುಂಬಿದ ಒಣ ಎಲೆಗಳನ್ನು ಮಳೆಗಾಲಕ್ಕೆ ಮೊದಲು ತೆಗೆಯದಿದ್ದರೆ ನೀರು ಹರಿದುಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಹೊದಿಕೆಯನ್ನು ಧೂಳು ಹಿಡಿದ ಕಾರಿಗಾಗಲಿ ಒದ್ದೆ ಕಾರಿಗಾಗಲಿ ಹೊದಿಸಬಾರದು. ಗಾಳಿಗೆ ಅಲುಗಿ ಗೀರೆಳೆಯುತ್ತದೆ, ತೇವವನ್ನು ಹಿಡಿದಿಡುತ್ತದೆ. ಮಂಗಳೂರು, ಕಾರವಾರಗಳ ಕಡಲ ಗಾಳಿಯಲ್ಲಿ ಉಪ್ಪಿರುವುದರಿಂದ ಅಲ್ಲಿಯವರು ಕಾರಿನ ತಳಭಾಗಕ್ಕೂ ಆಗಾಗ ವಾಟರ್ ಸರ್ವಿಸ್ ಮಾಡಿಸುವುದು ಲೇಸು.

ಆಯುಧಪೂಜೆಯ ದಿನ ಕಾರಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಚಕ್ರದಡಿಯಲ್ಲಿ ನಿಂಬೆಹಣ್ಣು ಇರತಕ್ಕದ್ದೇ. ಆದರೆ ಕುಂಕುಮವನ್ನು ಬಣ್ಣದ ಮೇಲೆ ಹಚ್ಚುವುದಕ್ಕೆ ಬದಲಾಗಿ ಗಾಜಿನ ಮೂಲೆಯಲ್ಲಿಟ್ಟು, ಕುಂಬಳಕಾಯಿಯನ್ನು ಕಾರಿನಿಂದ ನಾಲ್ಕು ಮಾರು ದೂರದಲ್ಲಿ ಒಡೆದರೆ ಭಕ್ತಿಗೇನೂ ಕುಂದಿಲ್ಲ. ಒಡೆದ ಕಾಯಿಯನ್ನು ರಸ್ತೆಯಿಂದ ಎತ್ತಿಹಾಕಿದರೆ ಹಿಂದೆ ಬರುವ ಸ್ಕೂಟರಿನವರ ಹರಕೆಯೂ ದೊರೆಯುತ್ತದೆ.

ಹೊಸ ಕಾರು ಕೊಳ್ಳುವಾಗ ಬಗೆಬಗೆಯ ಲೇಪನಗಳನ್ನು ಮಾರುವವರ ಒತ್ತಾಯ ಬಹಳ. ಬ್ರೆಜಿಲಿನ ಒಂದು ತಾಳೆಯ ಜಾತಿಯ ಎಲೆಯಿಂದ ದೊರೆಯುವ ಕಾರ್ನೌಬಾ ಮೇಣ ಒಳ್ಳೆಯದೇ. ನಮ್ಮ ಬಿಸಿಲಿನಲ್ಲಿ ಕೆಲವು ವಾರಗಳು ಬಾಳುತ್ತದೆ. ಕೃತಕ ಲೇಪಗಳು ಕೆಲವು ತಿಂಗಳು ನಿಲ್ಲುತ್ತವೆ. ಸಿರಾಮಿಕ್ ಲೇಪನ ವರ್ಷಗಟ್ಟಲೆ ಇರಬಲ್ಲದು; ಬೆಲೆಯೂ ಹಾಗೆಯೇ. ಅದರ ಮೇಲೆ ಕೊಳೆ ಬೇಗ ಹತ್ತದು, ಹತ್ತಿದ್ದು ಬೇಗ ಬಿಡುತ್ತದೆ. ಆದರೆ ಲಾರಿಯ ಚಕ್ರದಿಂದ ಸಿಡಿದ ಕಲ್ಲನ್ನು ಅದು ತಡೆಯದು. ತೊಳೆಯುವ ಕೆಲಸವೂ ತಪ್ಪದು. ಸಾಲದ ಕಂತು ಕಟ್ಟುವ ಸಂಸಾರಕ್ಕೆ ವರ್ಷಕ್ಕೆರಡು ಬಾರಿ, ಮಳೆಗಾಲಕ್ಕೆ ಮೊದಲೊಮ್ಮೆ, ಬೇಸಿಗೆಗೆ ಮೊದಲೊಮ್ಮೆ, ಒಂದು ಡಬ್ಬಿ ಕೃತಕ ಲೇಪವನ್ನು ಕೈಯಾರೆ ಹಚ್ಚುವುದು ಸಾಕು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಮೊದಲ ದಿನವೇ ಕಿತ್ತುಹಾಕಬೇಕು. ಹೊಸತನ ಉಳಿಯಲೆಂದು ಅದನ್ನು ಹಾಗೆಯೇ ಬಿಟ್ಟರೆ ಬೆವರು, ತೇವ ಒಳಗೇ ನಿಂತು ವಾಸನೆ ಹಿಡಿಯುತ್ತದೆ.

ಇನ್ನು ಉಳಿದದ್ದು ನಸುಕಿನಲ್ಲಿ ಬಂದು ಕಾರು ಒರೆಸಿ ಹೋಗುವ ಹುಡುಗನ ವಿಚಾರ. ವಸತಿ ಸಮುಚ್ಚಯಗಳಲ್ಲಿ ಹೆಚ್ಚಿನ ಕಾರುಗಳ ಹೊಳಪು ಇವನ ಕೈಯಲ್ಲಿದೆ. “ಏನಪ್ಪಾ, ದಿನಾ ಒರೆಸ್ತೀಯ, ಆದರೂ ಇಷ್ಟು ಗೀರು ಬಿದ್ದಿದೆಯಲ್ಲ?” ಎಂದು ಯಜಮಾನರು ಗದರಿದರೆ ಅವನ ಉತ್ತರ ಹೀಗಿರುತ್ತದೆ: “ಇಪ್ಪತ್ತೆರಡು ಕಾರು ಸಾರ್, ಒಂದು ಬಕೆಟ್ ನೀರು. ಎಂಟು ಗಂಟೆಯೊಳಗೆ ಮುಗಿಸಬೇಕು. ನಾನೇನು ಮಾಡಲಿ?”

ಅವನ ಮಾತಿನಲ್ಲಿ ಸುಳ್ಳಿಲ್ಲ. ಮೊದಲ ಕಾರಿನ ಮರಳು ಇಪ್ಪತ್ತೆರಡನೆಯ ಕಾರಿನವರೆಗೆ ಅದೇ ಬಟ್ಟೆಯಲ್ಲಿ ಪ್ರಯಾಣ ಮಾಡುತ್ತದೆ. ದೋಷ ಹುಡುಗನದಲ್ಲ, ದಿನವೂ ಒರೆಸಲೇಬೇಕೆಂಬ ಏರ್ಪಾಟಿನದು. ಮನೆಯ ಬಕೆಟ್, ಮನೆಯ ಎರಡು ಬಟ್ಟೆಗಳನ್ನು ಅವನಿಗೆ ಕೊಟ್ಟು, ವಾರಕ್ಕೆ ಎರಡೇ ದಿನ ಸಾವಕಾಶವಾಗಿ ಮಾಡಲು ಹೇಳಿದರೆ ಕಾರಿಗೂ ಕ್ಷೇಮ, ಅವನ ಬೆನ್ನಿಗೂ ವಿಶ್ರಾಂತಿ. ದಿನಗಳು ಕಡಿಮೆಯಾದುವೆಂದು ಸಂಬಳವನ್ನು ಕಡಿಮೆ ಮಾಡುವುದು ಮಾತ್ರ ಸಲ್ಲದು. ಲಕ್ಷಗಟ್ಟಲೆ ಕೊಟ್ಟು ಕೊಂಡ ಕಾರಿನ ಮೈಯನ್ನು ಒಬ್ಬನ ಕೈಗೆ ಒಪ್ಪಿಸಿ, ಆ ಕೈಗೆ ಸಲ್ಲಬೇಕಾದ ನೂರಿನ್ನೂರು ರೂಪಾಯಿಗೆ ಚೌಕಾಸಿ ಮಾಡುವ ಗೃಹಸ್ಥನಿಗೆ ಹೊಳೆಯುವ ಕಾರಿದ್ದು ಏನು ಫಲ?

ಕಾರು ಹತ್ತು ವರ್ಷ ಬಾಳುವ ವಸ್ತು. ಹತ್ತು ವರ್ಷವೂ ಅದು ಷೋರೂಮಿನಲ್ಲಿದ್ದಂತೆ ಇರಲಾರದು. ಗೇಟಿಗೆ ತಗಲಿ ಒಂದು ನೆಗ್ಗು, ಮಗುವಿನ ಸೈಕಲ್ಲಿನಿಂದ ಒಂದು ಗೀರು ಬಿದ್ದೇ ಬೀಳುತ್ತದೆ. ಆ ದಿನ ಮಗುವಿಗೆ ಬೈಯುವುದಕ್ಕೆ ಮೊದಲು ಗೀರಿನ ಮೇಲೆ ಉಗುರನ್ನು ಮೆಲ್ಲನೆ ಆಡಿಸಿ ನೋಡಬಹುದು. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಕವಚದಲ್ಲಿ ಮಾತ್ರ ಇದೆ. ಸಾಮಾನ್ಯವಾಗಿ ಪಾಲಿಶಿನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೂ ತಗಡು ಕಾಣುವಷ್ಟು ಆಳವಿಲ್ಲದಿದ್ದರೆ ತುಕ್ಕಿನ ಭಯವಿಲ್ಲ. ಅದನ್ನು ಹಾಗೆಯೇ ಬಿಟ್ಟು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಂಜನಗೂಡಿಗೆ ಹೊರಡಬಹುದು.