ಜೇನಿಗೆ ಎರಡನೆಯ ಮನೆ



ಜೇನಿನ ನೃತ್ಯವನ್ನು ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಬರೆದು ತೋರಿಸಿದೆನೋ ಲೆಕ್ಕವಿಲ್ಲ. ಆ ನೃತ್ಯದ ಅರ್ಥವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದುದನ್ನೂ ತಪ್ಪದೆ ಹೇಳುತ್ತಿದ್ದೆ. ಆದರೆ ನಿವೃತ್ತನಾದ ಮೇಲೆ ತುಮಕೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ತುಡುವೆ ಜೇನಿನ ಪೆಟ್ಟಿಗೆ ಇಟ್ಟಾಗ, ನಾಳೆ ಇದನ್ನು ಇಲ್ಲಿಂದ ಎತ್ತಬೇಕಾದರೆ ಎಲ್ಲಿಗೆ ಎಂಬ ಪ್ರಶ್ನೆ ಈ ಮೇಷ್ಟರಿಗೆ ಹೊಳೆಯಲೇ ಇಲ್ಲ.

ಮೊದಲ ಆರು ತಿಂಗಳು ಎಲ್ಲವೂ ಸೊಗಸಾಗಿತ್ತು. ಆಷಾಢ ಬಂತು. ಗಾಳಿ, ತುಂತುರು ಮಳೆ, ಎಲ್ಲೂ ಹೂವಿಲ್ಲ. ಸಾಲದೆಂಬಂತೆ ಕಣಜಗಳ ಕಾಟ. ಸಾಧುವಾಗಿದ್ದ ಕುಟುಂಬ ಪೆಟ್ಟಿಗೆಯ ಬಳಿ ಸುಳಿದವರನ್ನೆಲ್ಲ ಅಟ್ಟತೊಡಗಿತು. ಒಂದು ದಿನ ಪಕ್ಕದ ಮನೆಯ ಮಗುವಿನ ಕಣ್ಣಿನ ರೆಪ್ಪೆಗೇ ಕಚ್ಚಿತು. “ರಾತ್ರಿ ಸೀಮೆಎಣ್ಣೆ ಸುರಿದುಬಿಡಿ ಸಾರ್” ಎಂದರು ಬೀದಿಯವರು. ಅವರ ಕೋಪ ನ್ಯಾಯವಾದುದೇ. ಆದರೂ ನನಗೆ ಕೈ ಬರಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಿರ್ನಾಮ ಮಾಡಿತ್ತು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದುದನ್ನು ನಾನು ಕಂಡಿದ್ದೇನೆ.

ಅವಸರದಲ್ಲಿ ಮೊದಲ ತಪ್ಪು ಮಾಡಿದೆ. ಇನ್ನೂರು ಮೀಟರು ದೂರದ ಖಾಲಿ ನಿವೇಶನಕ್ಕೆ ಪೆಟ್ಟಿಗೆಯನ್ನು ಸಾಗಿಸಿದೆ. ಮರುದಿನ ಮೇಯಲು ಹೊರಟ ನೊಣಗಳೆಲ್ಲ ನಮ್ಮ ಹಿತ್ತಿಲಿನ ಹಳೆಯ ಜಾಗಕ್ಕೇ ಮರಳಿ, ಮನೆ ಕಾಣದೆ ಗೋಡೆಗೆ ಮುತ್ತಿಕೊಂಡವು. ತುಡುವೆಯ ಮೇವು ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ. ಆ ಪರಿಚಿತ ವಲಯ ದಾಟಿಸಿ ಎರಡು ಮೂರು ಕಿಲೋಮೀಟರಾದರೂ ದೂರ ಒಯ್ಯದಿದ್ದರೆ ಅವು ಹಳೆಯ ದಾರಿಯನ್ನೇ ಹಿಡಿಯುತ್ತವೆ. ನಾನೇ ಕಲಿಸಿದ ಪಾಠವನ್ನು ನಾನೇ ಮರೆತಿದ್ದೆ.

ಎರಡನೆಯ ತಪ್ಪು ದೊಡ್ಡದು. ಗುಬ್ಬಿಯ ಬಳಿ ನನ್ನ ಭಾಮೈದನ ತೆಂಗಿನ ತೋಟವಿದೆ. “ಆ ಮೂಲೆಗೆ ಯಾರೂ ಬರೋದಿಲ್ಲ ಭಾವ, ಇಟ್ಟುಬಿಡಿ” ಎಂದ. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಬಿಗಿದು, ಗಾಳಿಯಾಡುವಂತೆ ನೋಡಿಕೊಂಡು ಪೆಟ್ಟಿಗೆ ಸಾಗಿಸಿದೆವು. ಎಂಟನೆಯ ದಿನ ಹುಲ್ಲು ಕೊಯ್ಯಲು ಬಂದ ಹೆಂಗಸೊಬ್ಬಳ ಕುಡುಗೋಲು ಪೆಟ್ಟಿಗೆಗೆ ತಗುಲಿತು. ಒಂದು ನೊಣ ಕಚ್ಚಿದರೆ ಆ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮಿ ಉಳಿದವನ್ನೂ ಕರೆಯುತ್ತದೆ. ಮುಖವೆಲ್ಲ ಬಾತು, ಉಸಿರಾಟಕ್ಕೆ ತೊಂದರೆಯಾಗಿ ಆಕೆ ಎರಡು ದಿನ ಆಸ್ಪತ್ರೆಯಲ್ಲಿದ್ದಳು. ನೋಡಲು ಹೋದಾಗ ಆಕೆ ನನ್ನನ್ನು ಬೈಯಲಿಲ್ಲ. “ಒಂದು ಮಾತು ಹೇಳಿದ್ರೆ ಸಾಕಾಗಿತ್ತು ಮೇಷ್ಟ್ರೇ, ನಾನು ಆ ಕಡೆ ಹೋಗ್ತಾನೇ ಇರಲಿಲ್ಲ” ಎಂದಳು. ಆಸ್ಪತ್ರೆಯ ಖರ್ಚು, ಕೂಲಿಯ ಹಣ ಕೊಟ್ಟೆ. ಆ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಯಾರೂ ಬಾರದ ಮೂಲೆ ಎಂಬುದು ತೋಟದ ಯಜಮಾನನ ಕಣ್ಣಿಗೆ ಕಂಡದ್ದು. ಹುಲ್ಲು ಕೊಯ್ಯುವವಳಿಗೆ ಅದು ದಿನನಿತ್ಯದ ಜಾಗ. ನಾನು ಜಮೀನಿನ ಒಡೆಯನನ್ನು ಕೇಳಿದ್ದೆ. ಅಲ್ಲಿ ನಡೆದಾಡುವವರನ್ನು ಕೇಳಿರಲಿಲ್ಲ.

ಮೂರನೆಯ ಸಲ ಕುಣಿಗಲ್ ತಾಲ್ಲೂಕಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಲದಂಚಿನ ಹೊಂಗೆ ಮರಗಳನ್ನು ತೋರಿಸಿದ. ಈ ಬಾರಿ ಪೆಟ್ಟಿಗೆ ತರುವ ಮೊದಲೇ ಎರಡು ದಿನ ಬೆಳಿಗ್ಗೆ, ಸಂಜೆ ಅಲ್ಲಿ ಕುಳಿತೆವು. ಕಳೆ ಕೀಳುವ ಹೆಂಗಸರನ್ನು, ಶಾಲೆಗೆ ಅಡ್ಡದಾರಿ ಹಿಡಿಯುವ ಮಕ್ಕಳನ್ನು, ಕುರಿಗಾಹಿಯನ್ನು ವಿಚಾರಿಸಿದೆವು. ಕುರಿಗಳು ನೀರಿಗೆ ಇಳಿಯುವ ದಾರಿ ಅದೇ ಎಂದ ಕುರಿಗಾಹಿ. ಜಾಗ ಬದಲಾಯಿಸಿ ಬೇಲಿಯ ಆಚೆಗೆ ಹೋದೆವು. ನೊಣಗಳು ತಲೆಯೆತ್ತರಕ್ಕೂ ಮೇಲೆ ಹಾರಲೆಂದು ದಟ್ಟ ಗಿಡಗಳ ಕಡೆಗೆ ಬಾಗಿಲು ಮಾಡಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಕುಡಿಯಲು ಕಲ್ಲು ಹಾಕಿದ ನೀರಿನ ಬಾನಿ ಇಟ್ಟೆವು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಿತು. ಹೊಟ್ಟೆ ತುಂಬಿದ ಅದೇ ಕುಟುಂಬ ಮತ್ತೆ ಸಾಧುವಾಯಿತು. ಹಾಗೆ ಆಗದಿದ್ದರೆ ರಾಣಿಯನ್ನು ಬದಲಿಸುವುದು ಇನ್ನೊಂದು ಮಾರ್ಗ. ಕೆಲಸಗಾರ ನೊಣಗಳ ಆಯುಸ್ಸು ದುಡಿಮೆಯ ಕಾಲದಲ್ಲಿ ಸುಮಾರು ಆರು ವಾರ. ಆದ್ದರಿಂದ ಒಂದೆರಡು ತಿಂಗಳಲ್ಲಿ ಪೆಟ್ಟಿಗೆಯ ತುಂಬ ಹೊಸ ರಾಣಿಯ ಮಕ್ಕಳೇ ಇರುತ್ತವೆ. ಆ ಅವಧಿಯನ್ನು ಜನರಿಂದ ದೂರ ಕಳೆಯಲಾದರೂ ಇನ್ನೊಂದು ಜಾಗ ಬೇಕೇ ಬೇಕು.

ತೋಟಗಾರಿಕೆ ಇಲಾಖೆಯು ಜೇನು ಸಾಕಣೆಗೆ ತರಬೇತಿಯನ್ನೂ ಪೆಟ್ಟಿಗೆಗಳಿಗೆ ಸಹಾಯಧನವನ್ನೂ ಕೊಡುತ್ತದೆ. ಅದು ಒಳ್ಳೆಯದೇ. ಆದರೆ ಪೆಟ್ಟಿಗೆ ಕೊಡುವ ಮೊದಲು “ನಿಮ್ಮ ಎರಡನೆಯ ಜಾಗ ಎಲ್ಲಿ? ಅಲ್ಲಿ ಓಡಾಡುವವರನ್ನು ಕೇಳಿದ್ದೀರಾ?” ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಸ್ವಂತ ಜಮೀನಿಲ್ಲದವರಿಗೆ ಗ್ರಾಮ ಪಂಚಾಯಿತಿಗಳು ಊರಿನವರೊಡನೆ ಕುಳಿತು ಅಂಥ ಒಂದು ಜಾಗ ಗುರುತಿಸಿಕೊಟ್ಟರೆ ಸೀಮೆಎಣ್ಣೆಯ ಮಾತೇ ಬರದು.

ಪೆಟ್ಟಿಗೆ ಇಡಬೇಕೆಂದು ಫೋನಿನಲ್ಲಿ ಕೇಳುವ ನನ್ನ ವಿದ್ಯಾರ್ಥಿಗಳಿಗೆಲ್ಲ ಈಗ ಮೊದಲು ಈ ಕಥೆಯನ್ನೇ ಹೇಳುತ್ತೇನೆ. ಗುಬ್ಬಿಯ ಆ ತಾಯಿ ಈಗ ಆರೋಗ್ಯವಾಗಿದ್ದಾಳೆ. ಕಳೆದ ಸಲ ಹೋದಾಗ ಒಂದು ಸೀಸೆ ಜೇನುತುಪ್ಪ ಕೊಟ್ಟೆ. ನಗುತ್ತಲೇ ತೆಗೆದುಕೊಂಡು, “ಈಗ ಪೆಟ್ಟಿಗೆ ಎಲ್ಲಿಟ್ಟಿದ್ದೀರಿ?” ಎಂದು ಮೊದಲು ಕೇಳಿದಳು.