ಗೋಡೆಯೊಳಗಿನ ದಾರಿ

ಮನೆ ಕಟ್ಟಿಸಿದವರು ಬಂಧುಗಳಿಗೆ ಬಾಗಿಲನ್ನು ತೋರಿಸುತ್ತಾರೆ, ನೆಲದ ಕಲ್ಲನ್ನು ತೋರಿಸುತ್ತಾರೆ, ದೇವರ ಕೋಣೆಯ ಕೆತ್ತನೆಯನ್ನಂತೂ ತಪ್ಪದೆ ತೋರಿಸುತ್ತಾರೆ. ಗೋಡೆಯ ಹೊಟ್ಟೆಯೊಳಗೆ ಹುದುಗಿರುವ ಕೊಳವೆಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗಾರೆ ಮೆತ್ತಿ ಸುಣ್ಣ ಬಳಿದ ಮರುದಿನವೇ ಅವು ಮನೆಯವರ ನೆನಪಿನಿಂದ ಮರೆಯಾಗುತ್ತವೆ. ಆದರೆ ಇಂದು ಅನೇಕ ಮನೆಗಳಲ್ಲಿ ಎದ್ದಿರುವ ಒಂದು ತೊಡಕಿಗೆ ಉತ್ತರವಿರುವುದು ಆ ಕೊಳವೆಗಳಲ್ಲಿಯೇ.

ತೊಡಕು ಇದು. ಅಂತರ್ಜಾಲದ ಪೆಟ್ಟಿಗೆಯನ್ನು ಬೀದಿಬಾಗಿಲ ಬಳಿ ಕೂರಿಸಿ ಕಂಪನಿಯವರು ಹೊರಟುಹೋಗುತ್ತಾರೆ. ಓದುವ ಮಗಳ ಕೋಣೆ ಮಹಡಿಯ ಮೇಲೆ. ವೈ-ಫೈ ಅಲೆ ಒಂದು ಇಟ್ಟಿಗೆ ಗೋಡೆಯನ್ನು ಹೇಗೋ ದಾಟೀತು. ಕಬ್ಬಿಣದ ಸರಳುಗಳನ್ನು ಹೊತ್ತ ಕಾಂಕ್ರೀಟು ತಾರಸಿಯನ್ನು ದಾಟುವಷ್ಟರಲ್ಲಿ ಬಸವಳಿಯುತ್ತದೆ. ಪೆಟ್ಟಿಗೆಯಿಂದ ಮಹಡಿಗೆ ಒಂದು ಕೇಬಲ್ಲನ್ನೇ ಒಯ್ದರೆ ಈ ಕಷ್ಟವಿಲ್ಲ. ಒಯ್ಯುವುದು ಹೇಗೆ?

ಬೆಂಗಳೂರಿನ ಜಯನಗರದಲ್ಲಿರುವ ನನ್ನ ಮಿತ್ರರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಬಂದದ್ದು ಮಗಳ ಉದ್ಯೋಗದ ಸಂದರ್ಶನ ನಡುವೆಯೇ ಕಡಿದುಹೋದ ಮೇಲೆ. ಎರಡನೆಯ ಸುತ್ತಿಗೆ ನಾಲ್ಕು ದಿನವಿತ್ತು. ಕರೆಸಿದ ಎಲೆಕ್ಟ್ರಿಷಿಯನ್ ಗೋಡೆಯನ್ನು ತಟ್ಟಿ ನೋಡಿ, "ಕರೆಂಟಿನ ಪೈಪಿನಲ್ಲೇ ಎಳೆದುಬಿಡೋಣ ಸಾರ್, ಜಾಗ ಇದೆ. ಇಲ್ಲಾಂದ್ರೆ ಗೋಡೆ ಕೊರೀಬೇಕು," ಎಂದ. ಗೋಡೆ ಕೊರೆಯುವ ಮಾತು ಕೇಳಿದೊಡನೆ ಮನೆಯವರೆಲ್ಲ ಮೊದಲನೆಯ ದಾರಿಗೆ ಒಪ್ಪುವವರಿದ್ದರು.

ಈ ಮಾತಿಗೆ ಯಾರೂ ಒಪ್ಪಬಾರದು. ದೀಪದ ತಂತಿಯಲ್ಲಿ ಹರಿಯುವುದು 230 ವೋಲ್ಟ್. ಜಾಲದ ಕೇಬಲ್ಲಿನ ತೆಳ್ಳನೆಯ ಹೊದಿಕೆ ಆ ಒತ್ತಡವನ್ನು ತಡೆಯಲೆಂದು ಮಾಡಿದ್ದಲ್ಲ. ಇಕ್ಕಟ್ಟಿನ ಕೊಳವೆಯಲ್ಲಿ ಎಳೆಯುವಾಗ ಹಳೆಯ ತಂತಿಯ ಮೈ ಎಲ್ಲಾದರೂ ತರಚಿದರೆ, ವಿದ್ಯುತ್ತು ಕೇಬಲ್ಲಿನ ಮೂಲಕ ನೇರವಾಗಿ ಮೇಜಿನ ಮೇಲಿನ ಯಂತ್ರಕ್ಕೂ ಅದನ್ನು ಮುಟ್ಟಿದ ಕೈಗೂ ಬಂದೀತು. ತರಚು ಗೋಡೆಯೊಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಇಂದು ಏನೂ ಆಗಲಿಲ್ಲವೆಂದರೆ ಮುಂದೆಯೂ ಆಗದೆಂದು ಅರ್ಥವಲ್ಲ. "ಎಷ್ಟೋ ಮನೆಗಳಲ್ಲಿ ಹೀಗೇ ಹಾಕಿದ್ದೇವೆ" ಎಂಬ ಸಮಾಧಾನಕ್ಕೆ ಬೆಲೆ ಕೊಡಬೇಕಾಗಿಲ್ಲ. ಎರಡು ಬಗೆಯ ತಂತಿಗಳಿಗೆ ಎರಡು ಕೊಳವೆಗಳೇ ಬೇಕು.

ಮಿತ್ರರ ಮನೆಯಲ್ಲಿ ಆ ಎರಡನೆಯ ಕೊಳವೆಯನ್ನು ನೆನಪಿಗೆ ತಂದವರು ಅವರ ವೃದ್ಧ ತಾಯಿ. "ಆ ಕ್ಯಾಲೆಂಡರಿನ ಹಿಂದೆ ಟೆಲಿಫೋನಿನ ಪೆಟ್ಟಿಗೆ ಇರಬೇಕಲ್ಲಪ್ಪ. ನಿಮ್ಮ ತಂದೆ ಮಹಡಿ ಮೇಲೂ ಒಂದು ಫೋನ್ ಇಡಿಸಿದ್ರಲ್ಲ," ಎಂದರು. ಕ್ಯಾಲೆಂಡರನ್ನು ತೆಗೆದು, ಹಲವು ಪದರಗಳ ಬಣ್ಣವನ್ನು ಚಾಕುವಿನಿಂದ ಕೆರೆದಾಗ ಮುಚ್ಚಳ ಸಿಕ್ಕಿತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ!

ದೂರವಾಣಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವೊಂದಿತ್ತು. ಆಗ ಮನೆ ಕಟ್ಟಿಸಿದ ಎಷ್ಟೋ ಮಂದಿ ಫೋನ್ ಬರುವ ಮುನ್ನವೇ ಅದಕ್ಕೊಂದು ದಾರಿಯನ್ನು ಗೋಡೆಯಲ್ಲಿ ಮಾಡಿಟ್ಟರು. ಫೋನ್ ಬಂತು, ಕೆಲವು ವರ್ಷ ಮೆರೆಯಿತು, ಜೇಬಿನ ಫೋನಿಗೆ ಸೋತು ಹೊರಟುಹೋಯಿತು. ದಾರಿ ಅಲ್ಲೇ ಉಳಿದಿದೆ. ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿಯ ಪಟ್ಟಿಯಲ್ಲಿ ಇದನ್ನೂ ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಆ ಕೊಳವೆಯಲ್ಲಿ ಹಳೆಯ ಫೋನಿನ ತಂತಿ ಇನ್ನೂ ಇದ್ದರೆ ಅದನ್ನು ಕತ್ತರಿಸಿ ಎಸೆಯುವ ಉತ್ಸಾಹ ಬೇಡ. ಅದೇ ನಿಮ್ಮ ಮಾರ್ಗದರ್ಶಿ. ಮೊದಲು ಅದು ಹೊರಗಿನ ಸಂಪರ್ಕದಿಂದ ಬಿಡಿಸಿಕೊಂಡಿದೆಯೇ ಎಂದು ನೋಡಬೇಕು. ಜೀವವಿರುವ ದೂರವಾಣಿ ತಂತಿಯಲ್ಲಿ ಗಂಟೆ ಬಾರಿಸುವಾಗ ಸುಮಾರು 75ರಿಂದ 90 ವೋಲ್ಟಿನವರೆಗೆ ಏರುವುದುಂಟು. ಮುಖ್ಯ ಸ್ವಿಚ್ಚನ್ನೂ ಆರಿಸಿಡುವುದು ಜಾಣತನ. ಬಳಿಕ ಹಳೆಯ ತಂತಿಯ ತುದಿಗೆ ಗಟ್ಟಿಯಾದ ನೈಲಾನ್ ಹುರಿಯನ್ನು ಕಟ್ಟಿ ಇನ್ನೊಂದು ಕಡೆಯಿಂದ ಎಳೆಯಬೇಕು. ತಂತಿ ಹೊರಬಂದು ಹುರಿ ಒಳಗೆ ನಿಲ್ಲುತ್ತದೆ. ಆ ಹುರಿಗೇ ಹೊಸ ಕೇಬಲ್ಲನ್ನು ಕಟ್ಟುವುದು. ತಂತಿಗೆ ನೇರವಾಗಿ ಕೇಬಲ್ಲನ್ನೇ ಬಿಗಿದರೆ, ಸಣಕಲು ತಂತಿ ನಡುದಾರಿಯಲ್ಲಿ ಹರಿದು ಎರಡೂ ಕೆಟ್ಟಾವು.

ಕೊಳವೆ ಬರಿದಾಗಿದ್ದರೆ ಎಲೆಕ್ಟ್ರಿಷಿಯನ್‌ನ ಸ್ಪ್ರಿಂಗ್ ತಂತಿಯನ್ನು ತೂರಿಸಬಹುದು. ಅದಿಲ್ಲದಲ್ಲಿ ಒಂದು ಸ್ವಾರಸ್ಯವಾದ ಉಪಾಯವಿದೆ. ಪ್ಲಾಸ್ಟಿಕ್ ಚೀಲದ ಚೂರನ್ನು ದಾರಕ್ಕೆ ಕಟ್ಟಿ ಒಂದು ತುದಿಯಲ್ಲಿಟ್ಟು, ಮತ್ತೊಂದು ತುದಿಗೆ ಧೂಳು ಹೀರುವ ಯಂತ್ರವನ್ನು ಹಿಡಿದರೆ ಚೂರು ದಾರದೊಡನೆ ಹಾರಿಬರುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಕರೆಯಬೇಕಾಗಿಲ್ಲ, ತಾವಾಗಿಯೇ ಬರುತ್ತಾರೆ. ಯಾವುದೂ ದಾಟದಿದ್ದರೆ ಕಟ್ಟುವ ಕಾಲದಲ್ಲಿ ಸಿಮೆಂಟಿನ ಹಾಲು ಒಳಗಿಳಿದು ಗಟ್ಟಿಯಾಗಿರಬಹುದು. ಆಗ ಗೋಡೆಯ ಮೇಲೆ ಅಂಚುಪಟ್ಟಿ ಹಾಯಿಸಿ ಅದರೊಳಗೆ ಕೇಬಲ್ಲನ್ನು ಒಯ್ಯುವುದೇ ಮೇಲು.

ಎಳೆಯುವಾಗ ಬೇಕಾದದ್ದು ತೋಳಿನ ಬಲವಲ್ಲ, ತಾಳ್ಮೆ. ಕೇಬಲ್ಲಿನೊಳಗೆ ಎಂಟು ಎಳೆಗಳು ಎರಡೆರಡಾಗಿ ಹೊಸೆದುಕೊಂಡಿರುತ್ತವೆ. ಅಜ್ಜಿಯರು ಬತ್ತಿ ಹೊಸೆದಂತೆ ಎಂದೇನೋ ಹೇಳಬಹುದು. ಆದರೆ ಇಲ್ಲಿ ಪ್ರತಿ ಜೊತೆಯ ತಿರುಚೂ ಬೇರೆ ಬೇರೆ ಅಳತೆಯದು. ಹೊರಗಿನ ವಿದ್ಯುತ್ತಿನ ಗದ್ದಲ ಜೊತೆಯ ಎರಡು ಎಳೆಗಳಿಗೂ ಸಮನಾಗಿ ತಗುಲಿ ಒಂದನ್ನೊಂದು ಕಳೆದುಕೊಳ್ಳಲೆಂದು ಈ ತಿರುಚು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ದೂರವಾಣಿಗಾಗಿ ಹಕ್ಕುಪತ್ರ ಪಡೆದ ಯುಕ್ತಿಯಿದು. ದೂರವಾಣಿಯ ಕೊಳವೆಗೆ ಅದೇ ಮನೆತನದ ಕುಡಿ ಮರಳಿ ಬಂದಂತಾಯಿತು! ಜಗ್ಗಿದರೆ ಈ ಹೊಸೆತ ಹಿಗ್ಗುತ್ತದೆ. ಸುಮಾರು 11 ಕಿಲೋ ಭಾರಕ್ಕೆ ಸಮನಾದ ಎಳೆತವನ್ನು ಮೀರಬಾರದು. ಒಬ್ಬರು ಮೆಲ್ಲನೆ ಎಳೆಯುತ್ತಿರಬೇಕು, ಇನ್ನೊಬ್ಬರು ಆ ತುದಿಯಲ್ಲಿ ಒಳಗೆ ನೂಕುತ್ತಿರಬೇಕು. ತಿರುವಿನಲ್ಲಿ ಸಿಕ್ಕಿಕೊಂಡರೆ ಒಂದಿಷ್ಟು ಹಿಂದಕ್ಕೆ ಬಿಟ್ಟು ಮತ್ತೆ ಎಳೆಯುವುದು. ಕೇಬಲ್ಲಿನ ಮೈಗೆ ಟಾಲ್ಕಂ ಪುಡಿ ಸವರಿದರೆ ಸಲೀಸು. ಎಣ್ಣೆ ಬೇಡ, ಕೆಲವು ಎಣ್ಣೆಗಳು ಹೊದಿಕೆಯನ್ನೇ ಕೆಡಿಸುತ್ತವೆ. ಮಿತ್ರರ ಮನೆಯಲ್ಲಿ ಕೇಬಲ್ಲು ಕೆಳಗಿನಿಂದ ಎರಡು ಸಲ ಹಟ ಹಿಡಿದು, ಮಹಡಿಯಿಂದ ಇಳಿಬಿಟ್ಟಾಗ ಸರಾಗವಾಗಿ ಇಳಿಯಿತು. ಸಂದರ್ಶನದ ಎರಡನೆಯ ಸುತ್ತು ಕೋಣೆಯಲ್ಲಿಯೇ ನಡೆಯಿತು.

ಕೊಳ್ಳುವಾಗ ಒಂದು ಮೋಸದ ಬಗ್ಗೆ ಎಚ್ಚರವಿರಲಿ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಕೇಬಲ್ಲು ಅಗ್ಗವಾಗಿ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಂಗಡಿಯವನಿಗೆ ಹಿಂದಿರುಗಿಸಿ. ಕ್ಯಾಟ್-6 ಕೇಬಲ್ಲು ಸುಮಾರು 6 ಮಿಲಿಮೀಟರ್ ದಪ್ಪ. 20 ಮಿಲಿಮೀಟರ್ ಕೊಳವೆಯಲ್ಲಿ ಅಂಥವು ಎರಡು ಸುಖವಾಗಿ ಹೋಗುತ್ತವೆ. ಮೂರನೆಯದನ್ನು ತುರುಕುವುದು ಬೇಡ. ಉದ್ದ 100 ಮೀಟರನ್ನು ಮೀರಬಾರದೆಂಬ ನಿಯಮ ನಮ್ಮ ಮೂವತ್ತು-ನಲವತ್ತರ ನಿವೇಶನಗಳನ್ನು ಕಾಡುವಂಥದಲ್ಲ.

ಕೇಬಲ್ಲಿನ ಜೊತೆಯಲ್ಲಿಯೇ ಇನ್ನೊಂದು ನೈಲಾನ್ ಹುರಿಯನ್ನೂ ಎಳೆದು, ಎರಡು ತುದಿಗಳನ್ನೂ ಪೆಟ್ಟಿಗೆಗಳಲ್ಲಿ ಕಟ್ಟಿಡಬೇಕು. ಈ ಕೇಬಲ್ಲೂ ಒಂದು ದಿನ ಹಳತಾಗುತ್ತದೆ. ಅಂದು ಎಳೆಯುವವರಿಗೆ ಹುರಿ ಸಿದ್ಧವಾಗಿರಲಿ. ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಮುಚ್ಚಳದ ಒಳಮೈಯಲ್ಲಿ ಬರೆದಿಡಿ. ಮುಂದಿನ ಸಲ ಬಣ್ಣ ಬಳಿಯುವವರು ಬಂದಾಗ ಆ ಮುಚ್ಚಳದ ಮೇಲೆ ಬಣ್ಣ ಮೆತ್ತದಂತೆ ಹತ್ತಿರ ನಿಂತು ನೋಡಿಕೊಳ್ಳಿ.